ಬೇ ಅಂದ್ರ ಬೇಕು

"ಆಗೂದಿಲ್ಲ" ಎಂದು ಮೊದಲು ಹೇಳಿದವರು ನರ್ಸಬಾಯಿಯ ಅತ್ತೆ. ಆಮೇಲೆ ಚಾಳಿನವರು ಒಬ್ಬೊಬ್ಬರಾಗಿ ಹೇಳಿದರು, ನಮ್ಮಪ್ಪನೂ ಹೇಳಿದ. ಆದರೆ ಎಲ್ಲರೂ ಸುಸ್ತಾದ ಮೇಲೂ ಹೇಳುತ್ತಲೇ ಇದ್ದವರು ಆ ಮುದುಕಿ. ಗ್ಯಾಲರಿಯ ಕಟಕಟೆಗೆ ಬೆನ್ನು ಕೊಟ್ಟು ಕೂತು ಅಕ್ಕಿಯ ಕಲ್ಲು ಆರಿಸುತ್ತ, ತಲೆ ಕೂಡ ಎತ್ತದೆ ಅಂದರು: "ನೀರು ದಾಟಿ ಹೋಗೂದು ಆಗೂದಿಲ್ಲ. ಹೋದವ ಒಬ್ಬ ಇದ್ದ. ಅವನ ಪಟ ಗ್ವಾಡಿ ಮ್ಯಾಲೈತಿ, ನೋಡಕೋ."

ಆ ಪಟ ಅವರ ಮಗನದು. ಬೆಳಗಾವಿ ಕಡೆಯ ಹುಡುಗ, ಪಲ್ಟನ್ನಿಗೆ ಸೇರಿದ್ದ. ದೊಡ್ಡ ಯುದ್ಧದಲ್ಲಿ ಹಡಗು ಹತ್ತಿ ಹೋದವನು ಇಟಲಿಯ ಯಾವುದೋ ಗುಡ್ಡದಲ್ಲಿ ಉಳಿದುಬಿಟ್ಟ. ನಾನು ಹೇಳಹೊರಟಿರುವುದು ಅವನ ಹೆಂಡತಿಯ ವಿಷಯ. ಪರೇಲಿನ ನಮ್ಮ ಚಾಳಿನಲ್ಲಿ ಕನ್ನಡದವರು, ಮರಾಠಿಯವರು ಎಲ್ಲರೂ ಅವರನ್ನು ನರ್ಸಬಾಯಿ ಎಂದೇ ಕರೆಯುತ್ತಿದ್ದರು. ಅವರಿಗೂ ಒಂದು ಹೆಸರಿದೆ. ಬರೆದರೆ ಸಿಟ್ಟಾಗುತ್ತಾರೆ, ಅದಕ್ಕೇ ಬರೆಯುವುದಿಲ್ಲ. ಈಚೆಗೆ ಅವರು ಹೆರಿಗೆ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದರಂತೆ. ಸುಮ್ಮನೆ ಕೂರಲು ಬಾರದವರು ನಿವೃತ್ತರಾಗಿ ಏನು ಮಾಡುತ್ತಾರೋ! ಆ ಸುದ್ದಿ ಕೇಳಿದಾಗಿನಿಂದ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ.

ಅವರು ಕೂತದ್ದನ್ನು ನಾನು ಕಂಡದ್ದು ಕಡಿಮೆ. ಊಟವನ್ನೂ ಅರ್ಧ ನಿಂತೇ ಮಾಡುತ್ತಿದ್ದರು. ಲೋಕಲ್‌ನಲ್ಲಿ ಜಾಗ ಖಾಲಿ ಇದ್ದರೂ ಬಾಗಿಲ ಹತ್ತಿರದ ಕಂಬ ಹಿಡಿದು ನಿಲ್ಲುವರು. "ಕೂತರ ಕಾಲಿಗೆ ನಿದ್ದಿ ಹತ್ತೈತಿ" ಎನ್ನುವರು. ಮಾತಾಡುವಾಗ ಎರಡೂ ಅಂಗೈ ಒಂದಕ್ಕೊಂದು ತಿಕ್ಕುತ್ತಲೇ ಇರುವುದು ಇನ್ನೊಂದು ಅಭ್ಯಾಸ. ಹೊಸಬರು ಚಳಿಯೇನೋ ಎಂದುಕೊಳ್ಳುತ್ತಿದ್ದರು. ಮುಂಬೈಯ ಸೆಕೆಯಲ್ಲಿ ಎಂಥ ಚಳಿ! ಯಾವ ಗಳಿಗೆಗೆ ಯಾರ ಮನೆಯಿಂದ ಕರೆ ಬರುವುದೋ ಎಂದು ಕೈಯನ್ನು ಸದಾ ಬೆಚ್ಚಗೆ ಇಟ್ಟುಕೊಂಡಿರುತ್ತಿದ್ದರು. "ಕೈ ಬೆಚ್ಚಗಿರಬೇಕು, ಮಾತು ಕಡಿಮಿ ಇರಬೇಕು" ಎಂಬುದು ಅವರ ಕಸುಬಿನ ನೀತಿ. ಮೊದಲರ್ಧವನ್ನು ತಪ್ಪದೆ ಪಾಲಿಸುತ್ತಿದ್ದರು. ಎರಡನೆಯದು ಹೆರಿಗೆಯ ಕೋಣೆಗೆ ಮಾತ್ರ. ಹೊರಗೆ ಬಂದರೆ ಬಾಗಿಲಲ್ಲಿ ಬೀಡಿ ಸೇದುತ್ತ ನಿಂತ ಗಂಡಂದಿರಿಗೆ ಅವರಿಂದ ಸಿಗುತ್ತಿದ್ದ ಪೂಜೆ ಮೇಲಿನ ಮಾಳಿಗೆಗೂ ಕೇಳಿಸುತ್ತಿತ್ತು.

ಕೈ ಇದ್ದರೆ ಸಾಕು, ಭಾಷೆ ಬೇಕಿಲ್ಲ ಎಂಬ ಅವರ ನಂಬಿಕೆ ಧಾರಾವಿಯಲ್ಲಿ ಒಮ್ಮೆ ಮುರಿದುಬಿತ್ತು. ಚರ್ಮ ಹದ ಮಾಡುವ ತಮಿಳರ ಓಣಿಯಲ್ಲಿ ಒಂದು ಚೊಚ್ಚಲ ಹೆರಿಗೆ. ಹುಡುಗಿ ಬಳಲಿದ್ದಾಳೆ. ತಲೆಯ ಬಳಿ ಕೂತಿದ್ದ ಅವಳ ಅಜ್ಜಿ "ಮುಕ್ಕು, ಮುಕ್ಕು" ಎಂದು ಒಂದೇ ಸಮನೆ ಕೂಗುತ್ತಿದ್ದಾಳೆ. ನಮ್ಮ ಕಡೆ ಮುಕ್ಕುವುದು ಎಂದರೆ ಹಿಟ್ಟನ್ನೋ ಪುಠಾಣಿಯನ್ನೋ ಬಾಯಿತುಂಬ ತುರುಕಿಕೊಳ್ಳುವುದು. ನರ್ಸಬಾಯಿಗೆ ಉರಿದುಹೋಯಿತು. "ಏ ಮುದುಕಿ, ಇಂಥಾ ಹೊತ್ತಿನ್ಯಾಗ ಏನ ಮುಕ್ಕಸ್ತಿ ಆಕಿಗೆ? ಒಂದು ಗುಟುಕು ನೀರೂ ಇಳಿಯಾಂಗಿಲ್ಲ!" ಎಂದು ಅಜ್ಜಿಯನ್ನು ಹೊರಗೆ ದಬ್ಬಿದರು. ಅಜ್ಜಿ ಹೊಸಿಲಾಚೆಯಿಂದಲೇ "ಮುಕ್ಕು!" ಎಂದು ಕಿರುಚಿದಳು. ಹುಡುಗಿ ಹಲ್ಲು ಕಚ್ಚಿ ತಿಣುಕಿದಳು, ಕೂಸು ಬಂತು. ತಮಿಳಿನಲ್ಲಿ ಮುಕ್ಕು ಎಂದರೆ ತಿಣುಕು ಎಂದು ಆಮೇಲೆ ಯಾರೋ ಹೇಳಿದರು.

ಅದನ್ನು ಅವರು ತಾವೇ ಹೇಳಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನಗು ಮುಗಿದ ಮೇಲೆ ಅಂಗೈ ತಿಕ್ಕುತ್ತ ಹೇಳುವರು: "ಆದರ ಬಿ.ಎ., ಕೈಗೆ ಎಲ್ಲಾ ಬರ್ತೈತಿ. 'ತಿಣುಕು' ಅನ್ನೂದು ಒಂದು ಬರೂದಿಲ್ಲ. ಅದಕ್ಕ ಬಾಯೇ ಬೇಕು, ಆಕೀ ಮಾತೇ ಬೇಕು."

ಬಿ.ಎ. ಎಂದರೆ ನಾನು. ಪದವಿ ಇನ್ನೂ ಕೈಗೆ ಬಂದಿರಲಿಲ್ಲ, ಕೊನೆಯ ವರ್ಷದಲ್ಲಿದ್ದೆ. ಆದರೂ ಅವರಿಗೆ ನಾನು ಆಗಲೇ ಬಿ.ಎ. ನಮ್ಮ ಮನೆತನದಲ್ಲಿ ಅಕ್ಷರ ಕಲಿತವರೇ ಇರಲಿಲ್ಲ, ಚಾಳಿನಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಹೀಗೆ ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ಮಿಲ್ಲಿನ ಮಗ್ಗದ ಸದ್ದಿಗೆ ಒಂದು ಕಿವಿ ಕಳೆದುಕೊಂಡು ಓದಿಸಿದ್ದು. ನಾನು ಕಾಲೇಜು ಎಂದಾಗ "ಅದೆಲ್ಲಾ ನಮ್ಮಂಥವರಿಗೆ ಆಗೂದಿಲ್ಲ" ಎಂದದ್ದೂ ಅದೇ ಅಪ್ಪ. ಆಗ ನರ್ಸಬಾಯಿ ನಮ್ಮ ಬಾಗಿಲಿಗೆ ಬಂದು ನಿಂತೇ ಮಾತಾಡಿದರು. "ಮ್ಯಾಟ್ರಿಕ್ ಆಗೇತಿಲ್ಲೋ ಅಣ್ಣಾ? ಅಂದ್ರ ತಲಿ ಹೊರಗ ಬಂತು. ತಲಿ ಬಂದ ಮ್ಯಾಲೆ ಹೆಗಲಿಗೆ ಯಾಕ ಅಂಜ್ತೀ?" ಅಪ್ಪ ನಾಚಿ ತಲೆ ತಗ್ಗಿಸಿದ. ನಾನು ಕಾಲೇಜಿಗೆ ಹೋದೆ.

ಭೂಕಂಪದ ಸುದ್ದಿ ನಮಗೆ ಬಂದದ್ದು ಮೂಲೆಯ ಇರಾನಿ ಹೋಟೆಲಿನ ರೇಡಿಯೋದಿಂದ. ಹೋಟೆಲಿನ ಮಾಲೀಕ ಸೇಠನ ದೇಶದಲ್ಲಿ ನೆಲ ನಡುಗಿ ಮಣ್ಣಿನ ಮನೆಗಳ ಊರುಗಳು ಕುಸಿದಿದ್ದವು. ಸೇಠ ಗಲ್ಲೆಯ ಮೇಲೆ ಮೊಳಕೈ ಊರಿ ತಲೆ ಹಿಡಿದು ಕೂತಿದ್ದ. ಅವನೆದುರು ಯಾರೂ ಚಹಾ ಕೇಳಲಿಲ್ಲ. ಕೆಲವು ದಿನ ಕಳೆದ ಮೇಲೆ, ಊರಿನ ದೊಡ್ಡವರು ಕೂಡಿ ಔಷಧ, ಕಂಬಳಿ, ಡಾಕ್ಟರುಗಳನ್ನು ಹಡಗಿನಲ್ಲಿ ಕಳಿಸುತ್ತಾರೆಂದು ತಿಳಿಯಿತು. ಡೇರೆಗಳಲ್ಲಿ ಬಸುರಿ ಹೆಂಗಸರಿದ್ದರು, ಗಂಡಸು ಡಾಕ್ಟರು ಹತ್ತಿರ ಬಂದರೆ ಅವರು ಮುಖ ತಿರುಗಿಸುತ್ತಿದ್ದರಂತೆ. ಮಿಡ್‌ವೈಫ್‌ಗಳು ಬೇಕೆಂದು ನರ್ಸಬಾಯಿಯ ಆಸ್ಪತ್ರೆಗೂ ಹೇಳಿ ಕಳಿಸಿದರು. ತಂಡದ ಮುಖ್ಯಸ್ಥೆ ಒಬ್ಬ ಲೇಡಿ ಡಾಕ್ಟರು. ಫೋರ್ಟಿನ ಕಚೇರಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಅಲ್ಲಿಯ ಭಾಷೆ ಬರುತ್ತದೆಯೇ?"

"ಕಲತ್ರ ಬರ್ತೈತ್ರಿ" ಎಂದು ಇವರು ಹೇಳಿ ಬಂದಿದ್ದರು. ಡಾಕ್ಟರು ನಕ್ಕು, ಶನಿವಾರ ಅಸಲು ಸರ್ಟಿಫಿಕೇಟು ತಂದು ತೋರಿಸಿ, ನಕಲು ನಡೆಯುವುದಿಲ್ಲ, ತರದಿದ್ದರೆ ಬೇರೆಯವರ ಹೆಸರು ಹಾಕುತ್ತೇವೆ ಎಂದಿದ್ದರು.

ಕಷ್ಟ ಇದ್ದದ್ದೇ ಅಲ್ಲಿ. ಅಸಲು ಸರ್ಟಿಫಿಕೇಟು ಅವರ ಮನೆಯ ಗೋಡೆಯ ಮೇಲಿತ್ತು. ಗಂಡ ಸತ್ತ ಮೇಲೆ ಅತ್ತೆಯ ಕೈ ಹಿಡಿದು ಮುಂಬೈಗೆ ಬಂದು, ಆಸ್ಪತ್ರೆಯಲ್ಲಿ ನೆಲ ಒರೆಸುತ್ತ, ಮರಾಠಿ ಅಕ್ಷರ ಕಲಿತು, ಮಿಡ್‌ವೈಫ್ ಕೋರ್ಸು ಮುಗಿಸಿ ತಂದ ಕಾಗದ ಅದು. ತಂದ ದಿನವೇ ಅತ್ತೆ ಅದಕ್ಕೆ ಕಟ್ಟು ಹಾಕಿಸಿ, ಗಾಜು ಕೂರಿಸಿ, ಮಗನ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಚಾಳಿನಲ್ಲಿ ನಾವು ಆಯಿ ಎನ್ನುತ್ತಿದ್ದ ಆ ಮುದುಕಿಗೆ ಓದು ಬಾರದು. ಆದರೆ ಪ್ರತಿ ಮಂಗಳವಾರ, ಶುಕ್ರವಾರ ಯಲ್ಲಮ್ಮನ ಪಟಕ್ಕೆ ಭಂಡಾರ ಹಚ್ಚಿದ ಬೆರಳಿನಿಂದಲೇ ಮಗನ ಪಟಕ್ಕೂ ಈ ಸರ್ಟಿಫಿಕೇಟಿಗೂ ಹಳದಿ ಬೊಟ್ಟು ಇಡುತ್ತಿದ್ದರು. ಗಾಜಿನ ಮೇಲೆ ಅರಿಶಿನ ದಪ್ಪಗಟ್ಟಿ, ಒಳಗಿನ ಇಂಗ್ಲಿಷ್ ಹೆಸರು ಅರ್ಧ ಮುಚ್ಚಿಹೋಗಿತ್ತು. "ನನ್ನ ಮಗ ದುಡಿಯೂದನ್ನ ಇದು ದುಡೀತೈತಿ, ಇದಕ್ಕ ಹಚ್ಚದ ಯಾರಿಗೆ ಹಚ್ಚಲಿ?" ಎನ್ನುವರು. ಈಗ ಅದನ್ನು ಇಳಿಸಿ ಕೊಡಿ ಎಂದರೆ: "ಗ್ವಾಡಿ ಏರಿದ್ದು ಇಳಿಯೂದಿಲ್ಲ. ಆಗೂದಿಲ್ಲ."

ಮೊಳೆ ಬಹಳ ಎತ್ತರದಲ್ಲೇನೂ ಇರಲಿಲ್ಲ. ನರ್ಸಬಾಯಿ ಸ್ಟೂಲು ಹತ್ತಿದರೆ ಕೈಗೆ ಸಿಗುತ್ತಿತ್ತು. "ನೀವೇ ಇಳಿಸ್ರಿ ಬಾಯಿ, ಆಯಿ ನಲ್ಲಿಗೆ ಹೋದಾಗ" ಎಂದು ನಾನೇ ಒಮ್ಮೆ ಅಂದೆ. ಅವರು ಅಂಗೈ ತಿಕ್ಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಅವರ ಮಗ ಹೋಗುವಾಗ ಕೇಳಿ ಹೋಗಿಲ್ಲ, ಬಿ.ಎ. ಮುಂಜಾನೆ ಎದ್ದು ನೋಡಿದ್ರ ಹಾಸಿಗಿ ಖಾಲಿ. ನಾನೂ ಹಂಗ ಹೋಗಲೇನು? ಅವರ ಕೈಯಾಗಿಂದ ಬಂದ್ರ ಹೋಗ್ತೀನಿ. ಇಲ್ಲಂದ್ರ ಇಲ್ಲ."

ಹಾಗೆಂದವರು ಸಿದ್ಧತೆಯನ್ನೇನೂ ನಿಲ್ಲಿಸಲಿಲ್ಲ. ಗ್ಯಾಲರಿಯ ಹಗ್ಗದ ಮೇಲೆ ಕುದಿಸಿದ ಬಟ್ಟೆಯ ಪಟ್ಟಿಗಳು ಒಣಗುತ್ತಿದ್ದವು. ಟ್ರಂಕು ತುಂಬುವರು, ಮರುದಿನ ಎಲ್ಲ ತೆಗೆದು ಬೇರೆ ಥರ ತುಂಬುವರು. ಕತ್ತರಿ ಮೇಲಿರಬೇಕೋ, ರಬ್ಬರ್ ಹಾಸು ಮೇಲಿರಬೇಕೋ ಎಂಬುದು ತೀರ್ಮಾನವೇ ಆಗದು. ಅಲ್ಲಿ ಚಳಿಯೆಂದು ಫೋರ್ಟಿನ ಫುಟ್‌ಪಾತಿನಿಂದ ಯಾವುದೋ ಸಾಹೇಬನ ಹಳೆಯ ಉಣ್ಣೆ ಕೋಟು ತಂದರು. ತೋಳು ಬೆರಳ ತುದಿ ದಾಟಿ ಜೋತಾಡುತ್ತಿತ್ತು. ಅದನ್ನು ಹಾಕಿಕೊಂಡು, ಬೆವರು ಸುರಿಸುತ್ತ, ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ನಡೆದು ನೋಡಿದರು. "ಬಾಯಿ, ಭಾಲೂ ಆಲಾ!" ಎಂದು ಮರಾಠಿ ಮಕ್ಕಳು ಕರಡಿ ಬಂತೆಂದು ಹಿಂದೆ ಓಡಿದವು. ಆಯಿ ಮಾತ್ರ ಅಕ್ಕಿಯಿಂದ ಕಣ್ಣೆತ್ತಲಿಲ್ಲ. ಹಡಗು ಈ ವಾರವೋ ಮುಂದಿನ ವಾರವೋ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ನೆಲ ಇನ್ನೂ ಆಗೀಗ ಅಲುಗುತ್ತಿದೆ ಎಂದು ರೇಡಿಯೋ ಹೇಳುತ್ತಿತ್ತು. ಮಿಲ್ಲಿನ ಭೋಂಗಾ ಕೂಗಿದರೂ ನರ್ಸಬಾಯಿ ಬೆಚ್ಚುವರು, ಹಡಗಿನದೋ ಎಂಬಂತೆ.

ಭಾಷೆ ಒಂದು ಉಳಿದಿತ್ತಲ್ಲ. "ನಿನ್ನ ಬಿ.ಎ. ಒಳಗ ಪರ್ಶಿಯನ್ ಐತೇನು?" ಎಂದು ನನ್ನನ್ನು ಕೇಳಿದರು.

"ಇಲ್ಲ ಬಾಯಿ, ಸಂಸ್ಕೃತ ತಗೊಂಡೀನಿ."

"ಸಂಸ್ಕೃತದಾಗ ಯಾರ ಹಡೀತಾರ ಈಗ?" ಎಂದು ಸೆರಗು ಬಿಗಿದು, ನನ್ನನ್ನು ಎಳೆದುಕೊಂಡು ಇರಾನಿ ಹೋಟೆಲಿಗೆ ನಡೆದರು.

ಹೋಟೆಲು ತುಂಬಿತ್ತು. ಗಲ್ಲೆಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ತಮ್ಮ ಮುಂಬೈ ಹಿಂದಿಯಲ್ಲಿ, ಹಡೆಯುವ ಹೆಂಗಸಿಗೆ ನಿಮ್ಮಲ್ಲಿ ಏನನ್ನುತ್ತೀರಿ ಎಂದು ಕೇಳಿಯೇಬಿಟ್ಟರು. ಸೇಠನ ಕೆಂಪು ಮುಖ ಇನ್ನೂ ಕೆಂಪಾಯಿತು. "ಅರೇ ಬಾಯಿ, ಏ ಹಮ್‌ಸೇ ಮತ್ ಪೂಛೋ! ಊಪರ್ ಜಾವ್, ಮಾ ಕೋ ಪೂಛೋ!" ಎಂದು ಮೆಟ್ಟಿಲು ತೋರಿಸಿ, ಬಿಲ್ಲುಗಳ ಹಿಂದೆ ಮುಖ ಅಡಗಿಸಿಕೊಂಡ.

ಮೇಲೆ ಅವನ ತಾಯಿ, ತಲೆಗೆ ಬಿಳಿ ರುಮಾಲು ಕಟ್ಟಿದ ದೊಡ್ಡ ಮೈಯ ಮುದುಕಿ, ಕಿಟಕಿಯ ಹತ್ತಿರ ಕೂತಿದ್ದರು. ಏಕೆ ಬಂದೆವೆಂದು ತಿಳಿದಾಗ ನರ್ಸಬಾಯಿಯ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡರು. ತಾವು ಹುಟ್ಟಿದ ಹಳ್ಳಿ ಉಳಿದಿದೆಯೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಕುರ್ಚಿಯ ಎರಡೂ ತೋಳು ಬಿಗಿಹಿಡಿದು, ಹಲ್ಲು ಕಚ್ಚಿ, ಹೆರುವವಳಂತೆ ಮುಂದಕ್ಕೆ ಬಾಗಿ ಗುಡುಗಿದರು: "ಝೂರ್ ಬೆಝನ್!" ಕೆಳಗೆ ಹೋಟೆಲಿನಲ್ಲಿ ಬಸಿ-ಕಪ್ಪಿನ ಸದ್ದೇ ನಿಂತುಹೋಯಿತು. ಬಳಿಕ ಅಂಗೈ ಎತ್ತಿ ತಡೆದು, ಮೆಲ್ಲಗೆ: "ಝೂರ್ ನಝನ್." ತಿಣುಕು ಎಂಬುದು ಮೊದಲನೆಯದು. ತಿಣುಕಬೇಡ, ತಡಿ ಎಂಬುದು ಎರಡನೆಯದು.

"ಝೂರ್ ಅಂದ್ರ ಜೋರು! ನಮ್ಮ ಜೋರೇ ಐತಲ್ಲ ಇದು, ಬಿ.ಎ.!" ಎಂದು ನರ್ಸಬಾಯಿ ಮೆಟ್ಟಿಲು ಇಳಿಯುವಾಗ ಕುಣಿದೇಬಿಟ್ಟರು. "ನಮ್ಮ ಮಾತು ನಮಗಿಂತ ಮೊದಲ ಅಲ್ಲಿ ಹೋಗಿ ಕೂತೈತಿ ನೋಡು."

ಅಂದಿನಿಂದ ತಾಲೀಮು. ಅವರ ಕೋಣೆಯಲ್ಲಿ ಚಾಪೆ ಹಾಸಿ ಹೆರುವವಳ ಪಾತ್ರ ನನಗೆ ಕೊಟ್ಟರು. ಪದವಿ ಪಡೆಯುವ ಮೊದಲು ನಾನು ಲೆಕ್ಕವಿಲ್ಲದಷ್ಟು ಸಲ ಹಡೆದಿದ್ದೇನೆ. ಒಮ್ಮೆ ನನ್ನ ನರಳಾಟ ಕೇಳಿ, ಹೊಸದಾಗಿ ಬಂದ ಪಕ್ಕದ ಕೋಣೆಯ ಹೆಂಗಸು ಬಿಸಿನೀರು ಹಿಡಿದು ಓಡಿಬಂದಳು. ಮದುವೆಯಾಗದ ಹುಡುಗಿಯನ್ನು ಚಾಪೆಯ ಮೇಲೆ ಕಂಡು ಪಾತ್ರೆ ಅಲ್ಲೇ ಬಿಟ್ಟಳು. ಅವಳಿಗೆ ಸಮಾಧಾನ ಹೇಳಲು ಅಮ್ಮನಿಗೆ ಒಂದು ಮಧ್ಯಾಹ್ನ ಬೇಕಾಯಿತು.

ಆದರೆ ತಾಲೀಮು ಕೆಡುತ್ತಿತ್ತು, ಪ್ರತಿ ಸಲವೂ ಒಂದೇ ಜಾಗದಲ್ಲಿ. ನಿಧಾನವಾಗಿ ಕೇಳಿದರೆ ನರ್ಸಬಾಯಿ ಸರಿಯಾಗಿ ಹೇಳುವರು. ನಾನು ನಿಜವಾಗಿಯೂ ನೋವು ಬಂದವಳಂತೆ ಕೂಗಿದೆನೋ, ಅವರ ನಾಲಗೆ ತಾನಾಗಿ ಮಗುಚುವುದು. ತಿಣುಕಬೇಕಾದಾಗ "ನಝನ್!" ತಡೆಯಬೇಕಾದಾಗ "ಬೆಝನ್!" ಅವರಿಗೇ ಗಾಬರಿಯಾಯಿತು. ಯೋಚಿಸಿ ನೋಡಿದರೆ ತಪ್ಪು ಅವರದಲ್ಲ, ಕನ್ನಡದ್ದು. ಅವಸರದಲ್ಲಿ 'ಬೆ' ಎಂದು ಬಾಯಿ ತೆರೆದರೆ ನಮ್ಮ ಕಡೆಯವರಿಗೆ ಬರುವುದು "ಬ್ಯಾಡ". 'ನ' ಎಂದರೆ "ನಡಿ, ನಡಿ". ನಾನು ಪುಸ್ತಕದ ಬುದ್ಧಿ ಹೇಳಿದೆ: "ಸಂಸ್ಕೃತದಾಗೂ 'ನ' ಅಂದ್ರ ಇಲ್ಲ ಅಂತ ಬಾಯಿ, ಹಂಗ ನೆನಪಿಟಗೋರಿ."

"ಆಕಿ ಅಲ್ಲಿ ಒದರೂ ಹೊತ್ತಿನ್ಯಾಗ ನಾ ಸಂಸ್ಕೃತ ನೆನಸ್ಲೇನು?" ಎಂದು ರೇಗಿ, ಎದ್ದು, ಗ್ಯಾಲರಿಯಲ್ಲಿ ನಾಲ್ಕು ಸಲ ಓಡಾಡಿ ಬಂದು, "ಮತ್ತ ಮಲಗು" ಎಂದರು. ಮತ್ತೆ ಅದೇ ತಪ್ಪು. ತಡಿ ಎನ್ನುವ ಕಡೆ ತಿಣುಕು ಎಂದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಅವರ ಮುಖ ಕಂಡು ನನಗೆ ಆಟ ಮರೆತುಹೋಯಿತು.

ಶುಕ್ರವಾರ ಸಂಜೆ ಹೀಗೇ ನಡೆದಿತ್ತು. ನಾನು ಕೂಗುತ್ತಿದ್ದೆ, ಅವರು ತಡಿ ಎನ್ನಬೇಕಾದಲ್ಲಿ "ಝೂರ್ ಬೆಝನ್, ಬೆಝನ್!" ಎಂದು ನನ್ನ ಮೊಣಕಾಲು ಹಿಡಿದಿದ್ದರು. ಬಾಗಿಲಾಚೆ ಬೆನ್ನು ತಿರುಗಿಸಿ ಕೂತಿದ್ದ ಆಯಿ ಅಕ್ಕಿಯ ಮೊರವನ್ನು ನೆಲಕ್ಕೆ ಕುಕ್ಕಿದರು. ಅಕ್ಕಿ ಚೆಲ್ಲಿತು.

"ಏ! ಬ್ಯಾಡ ಅನ್ನೂ ಹೊತ್ತಿಗೆ ತಿಣುಕು ಅಂತೀಯಲ್ಲ! ಸಾಯ್ತಾಳ ಆಕಿ!"

"ಯಾರ್ರೀ ಅತ್ತಿ? ಬಿ.ಎ.ನಾ?"

"ಈಕಿಗೇನ ಧಾಡಿ! ಅಲ್ಲಿಯಾಕಿ."

ನರ್ಸಬಾಯಿಯ ಕೈ ನನ್ನ ಮೊಣಕಾಲ ಮೇಲೆ ಹಾಗೇ ನಿಂತಿತು. ಇಷ್ಟು ದಿನ ಆ ಊರಿನ, ಆ ಡೇರೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ ಮುದುಕಿಗೆ, ಅಲ್ಲಿ ಒಬ್ಬಳು ಕಂಡುಬಿಟ್ಟಿದ್ದಳು. ಆಯಿಗೆ ಅದು ಗೊತ್ತಾಗಿತ್ತೋ ಇಲ್ಲವೋ. ಸಿಟ್ಟಿನಲ್ಲಿಯೇ ಒಳಗೆ ಬಂದು ಸೊಸೆಯ ಮುಂದೆ ನಿಂತರು.

"'ಬೇ' ಅಂದ್ರ ಬ್ಯಾಡ ಅಂತ ಯಾರ ಹೇಳಿದ್ರ ನಿನಗ? 'ಬೇ' ಅಂದ್ರ ಬೇಕು! 'ನ' ಅಂದ್ರ ನಕೋ! ಇಷ್ಟ ವರ್ಷ ಮುಂಬೈ ನೀರು ಕುಡದು ನಕೋ ಅನ್ನೂದ ಗೊತ್ತಿಲ್ಲೇನು? ಆ ಚಿಕ್ಕ ಪೋರಗೋಳು ದಿನಾ ಒದರತಾವು, ನಕೋ ನಕೋ ಅಂತ."

ಬೇ ಎಂದರೆ ಬೇಕು, ನ ಎಂದರೆ ನಕೋ. ಒಂದು ಕನ್ನಡ, ಇನ್ನೊಂದು ಬೇಡ ಎನ್ನುವ ಮರಾಠಿ. ಯಾವ ಕಾಲೇಜಿನಲ್ಲಿ ಕೇಳಿದರೂ ಈ ವ್ಯಾಕರಣ ಸಿಗದು, ಪರೇಲಿನ ಚಾಳಿನಲ್ಲಿ ಸಿಕ್ಕಿತು. ನಾನು ಕೂಗಿದೆ, ನರ್ಸಬಾಯಿ ಹೇಳಿದರು. ಇನ್ನೂ ಜೋರಾಗಿ ಕೂಗಿದೆ. ಒಂದು ಸಲವೂ ನಾಲಗೆ ಮಗುಚಲಿಲ್ಲ. ಆಯಿ ಆಗಲೇ ಹೊರಗೆ ಹೋಗಿ ಚೆಲ್ಲಿದ ಅಕ್ಕಿ ಬಳಿಯುತ್ತಿದ್ದರು. ಸರ್ಟಿಫಿಕೇಟಿನ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಜೊತೆಗೆ ಹೋಗಲೆಂದು ಸೀರೆ ಉಟ್ಟು ಬಂದಾಗ ನರ್ಸಬಾಯಿ ಬಿಳಿ ಸೀರೆಯಲ್ಲಿ ಗ್ಯಾಲರಿ ಅಳೆಯುತ್ತಿದ್ದರು. ಬಗಲಿನ ಚೀಲ ಖಾಲಿ. ಹೋಗುವಾಗೊಮ್ಮೆ ಬರುವಾಗೊಮ್ಮೆ ಬಾಗಿಲಿನಿಂದ ಗೋಡೆ ನೋಡುವರು, ಮುಂದೆ ಹೋಗುವರು. ಅಪ್ಪ ಪಾಳಿಗೆ ಹೊರಟವನು ನಿಂತು, "ನಾ ಇಳಿಸಿ ಕೊಡ್ಲೇನವಾ?" ಎಂದ. "ಯಾರೂ ಮುಟ್ಟಬ್ಯಾಡ್ರಿ" ಎಂದರು, ನಡಿಗೆ ನಿಲ್ಲಿಸದೆ. ಭೋಂಗಾ ಕೂಗಿತು. ಅಪ್ಪ ಓಡಿದ.

ಆಯಿ ಒಳಗೆ ಪೂಜೆ ಮಾಡುತ್ತಿದ್ದರು. ಮಂಗಳವಾರವಲ್ಲ, ಶುಕ್ರವಾರವೂ ಅಲ್ಲ. ಯಲ್ಲಮ್ಮನಿಗೆ ಭಂಡಾರ ಹಚ್ಚಿದರು. ಮಗನಿಗೆ ಹಚ್ಚಿದರು. ಆಮೇಲೆ ಮೂಲೆಯ ಸ್ಟೂಲನ್ನು ತಾವೇ ಎಳೆದು ತಂದರು.

"ಬಿ.ಎ., ಸ್ಟೂಲ ಗಟ್ಟಿ ಹಿಡಿ."

ನಾನು ಹಿಡಿದೆ. ಆಯಿ ಹತ್ತಿದರು. ಮೊಳೆಯಿಂದ ಸರ್ಟಿಫಿಕೇಟಿನ ಪಟ ಬಿಡಿಸಿಕೊಂಡು ಇಳಿದು, ಮಡಿಲಲ್ಲಿ ಬೋರಲು ಹಾಕಿಕೊಂಡು, ಅಡಕೊತ್ತಿನ ತುದಿಯಿಂದ ಹಿಂದಿನ ಚುಕ್ಕಿಮೊಳೆಗಳನ್ನು ಒಂದೊಂದಾಗಿ ಕಿತ್ತರು. ಗೋಡೆಯ ಮೇಲೆ, ಮಗನ ಪಟದ ಪಕ್ಕದಲ್ಲಿ, ಹೊಗೆ ಹಿಡಿಯದ ಒಂದು ಚೌಕ ಬೆಳ್ಳಗೆ ಉಳಿದಿತ್ತು. ನರ್ಸಬಾಯಿ ಬಾಗಿಲಲ್ಲಿ ಬಂದು ನಿಂತಿದ್ದರು. ಅವರ ಕಾಲು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಯಿ ಕಾಗದ ಹೊರತೆಗೆದು, ಭಂಡಾರದ ಬೆರಳನ್ನು ಅದರ ಮೂಲೆಗೆ ಒತ್ತಿಯೇಬಿಟ್ಟರು.

"ಅತ್ತೀ! ಸರಕಾರಿ ಕಾಗದರೀ ಅದು!"

"ಇರವಲ್ದ್ಯಾಕ. ದೇವರ ಮಗ್ಗಲಿಂದ ಎದ್ದು ಬಂದೈತಿ ಅಂತ ಸರಕಾರಕ್ಕೂ ಗೊತ್ತಾಗಲಿ."

ಕಾಗದ ಚಾಚಿದರು. ಸೊಸೆ ಹಿಡಿದರು. ಮುದುಕಿ ಬಿಡಲಿಲ್ಲ. ಇಬ್ಬರ ಕೈಯ ನಡುವೆ ಅದು ಬಿಗಿಯಾಗಿ ನಿಂತಿತು.

"ಬೇ ಅಂದ್ರ?"

"ಬೇಕು, ಅತ್ತಿ."

"ನ ಅಂದ್ರ?"

"ನಕೋ."

ಆಯಿ ಕೈ ಬಿಟ್ಟರು.

"ಹೋಗು. ಅಲ್ಲಿ ನೀ ಅವರಿಗೆ ಬೇಕು. ಇಲ್ಲಿ ನನಗೂ ಬೇಕು. ಅದನ್ನೂ ಮರೀಬ್ಯಾಡ."